ಬಿಸಿಲ್ಗುದುರೆ ಕೆರೆಯಲ್ಲಿ ಎರಡು ದಿನ

ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ ದಾವಣಗೆರೆಯಲ್ಲಿ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಮತ್ತು ಗ್ಯಾರೇಜ್ ಹುಡುಗರ ಮುಂದೆ ಆಡಿದ ಮಾತಿದು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ಬರೆದಿದ್ದೇನೆ. ಮಾತು ಹಳಿ ತಪ್ಪಿದ ಕಡೆ ಬರಹದಲ್ಲೂ ಹಾಗೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಫ್ಯಾನ್ ಕೆಳಗಿನ ಕುರ್ಚಿಗಳು ಆಗಲೇ ತುಂಬಿವೆ. ಹಿಂದೆ ನಿಂತವರು ಬಾಗಿಲ ಹತ್ತಿರ ಬನ್ನಿ, ಅಲ್ಲಿ ಸ್ವಲ್ಪ ಗಾಳಿ ಆಡುತ್ತಿದೆ. ಇವತ್ತು ನಾನು ಹೇಳೋದೂ ಬಿಸಿಲು ಮತ್ತು ಗಾಳಿಯ ವಿಷಯವೇ.

ಪರಿಚಯ ಮಾಡಿಕೊಟ್ಟವರು ನನ್ನನ್ನು ‘ವೇಗದ ತಜ್ಞರು’ ಅಂದರು. ಸುಳ್ಳು. ನಾನು ಪಿ.ಬಿ. ರಸ್ತೆ ಹಿಂದಿನ ಓಣಿಯಲ್ಲಿ ಲೇತ್ ಇಟ್ಟುಕೊಂಡು ಬೋರಿಂಗ್ ಮಾಡುವವನು, ಅಂದರೆ ಸವೆದ ಇಂಜಿನ್ ಸಿಲಿಂಡರನ್ನು ಕೊರೆದು ಸರಿಮಾಡುವವನು. ಬೈಕ್, ಆಟೋ, ಟ್ರ್ಯಾಕ್ಟರ್, ಏನು ಬಂದರೂ ಸರಿ. ನನ್ನ ಸ್ಕೂಟರ್ ಐವತ್ತು ದಾಟಿದರೆ ಹಿಂದೆ ಕೂತ ನಮ್ಮ ಮನೆಯವರು ಬೆನ್ನಿಗೆ ಒಂದು ಗುದ್ದು ಕೊಡುತ್ತಾರೆ. ಅಷ್ಟೇ ನನ್ನ ವೇಗ.

ಆದರೆ ಒಂದು ಬೇಸಿಗೆಯಲ್ಲಿ ಎರಡು ದಿನ, ನೆಲದ ಮೇಲೆ ಗಾಲಿ ಉರುಳಿಸಿಕೊಂಡು ಎಷ್ಟು ಜೋರಾಗಿ ಹೋಗಬಹುದು ಅಂತ ನೋಡೋದನ್ನೇ ಹವ್ಯಾಸ ಮಾಡಿಕೊಂಡ ಜನರ ನಡುವೆ ಕಳೆದೆ. ಅವರಲ್ಲಿ ಜಾಸ್ತಿ ಜನ ನನ್ನ ಥರದವರೇ, ಉಗುರಿನ ಸಂದಿಯಲ್ಲಿ ಗ್ರೀಸ್ ಇರುವವರು. ಅವರ ಬಗ್ಗೆ ಹೇಳೋಣ ಅಂತ ಬಂದೆ.

ಮೊದಲು ನಮ್ಮೂರ ಕೆರೆ. ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆಗ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ, ಬೇರೆ ಆಗಿದ್ದು 1997ರಲ್ಲಿ. ಆ ಕಡೆ ಮಳೆ ಎಷ್ಟು ಅಂತ ನಿಮಗೇ ಗೊತ್ತು. ಊರ ಕೆರೆಗೆ ಏರಿ ಇದೆ, ತೂಬು ಇದೆ, ಕೋಡಿ ಇದೆ, ನೀರೊಂದು ಇಲ್ಲ. ಸೈಕಲ್ ಕಲಿತದ್ದು ಕೆರೆ ಅಂಗಳದಲ್ಲಿ, ಕ್ರಿಕೆಟ್ ಆಡಿದ್ದು ಅಲ್ಲಿ. ತೊಂಬತ್ತರ ದಶಕದ ಶುರುವಿನಲ್ಲಿ ಬೈಕಿನ ‘ಟಾಪ್’ ಎಷ್ಟು ಅಂತ ನೋಡಲು ಹೋಗಿದ್ದೂ ಅಲ್ಲಿಗೇ.

ಗೆಳೆಯನ ಆರ್‌ಎಕ್ಸ್ 100. ನಾನಿನ್ನೂ ಕೆಲಸ ಕಲಿಯುತ್ತಿದ್ದ ಹುಡುಗ. ಉಸ್ತಾದರು ಊರಲ್ಲಿಲ್ಲದ ದಿನ ನೋಡಿಕೊಂಡು ನಾನೇ ಬೋರ್ ಮಾಡಿ ಹೊಸ ಪಿಸ್ಟನ್ ಕೂರಿಸಿದೆ. ಟೈಟ್ ಇದ್ದಷ್ಟೂ ಪಿಕಪ್ ಜಾಸ್ತಿ ಅನ್ನೋ ಹುಡುಗು ಬುದ್ಧಿ. ಸಿಲಿಂಡರಿಗೂ ಪಿಸ್ಟನ್ನಿಗೂ ನಡುವೆ ಬಿಡಬೇಕಾದಷ್ಟು ಸಂದು ಬಿಡಲಿಲ್ಲ. ಮೇ ತಿಂಗಳ ಮಧ್ಯಾಹ್ನ ಕೆರೆ ಅಂಗಳದಲ್ಲಿ ಆಕ್ಸಿಲೇಟರ್ ಪೂರ್ತಿ ತಿರುವಿದೆ. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. ಪಿಸ್ಟನ್ ಹಿಗ್ಗಿತು, ಸಿಲಿಂಡರ್ ಜಾಗ ಕೊಡಲಿಲ್ಲ. ಇಂಜಿನ್ ಸೀಜ್ ಆಗಿ ಹಿಂದಿನ ಗಾಲಿ ನಿಂತುಬಿಟ್ಟಿತು. ನಾನು ನಿಲ್ಲಲಿಲ್ಲ. ಮೊಣಕೈ ಮೇಲೆ ಗುರುತು ಇನ್ನೂ ಇದೆ, ಬೇಕಾದವರು ಆಮೇಲೆ ಬಂದು ನೋಡಿ. ಉಸ್ತಾದರು ಬಂದು ಬೈಯಲಿಲ್ಲ. ಗೀರು ಬಿದ್ದ ಆ ಪಿಸ್ಟನ್ನನ್ನು ಅಂಗಡಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಅದು ಬೈಗುಳಕ್ಕಿಂತ ಜಾಸ್ತಿ ದಿನ ಉಳಿಯಿತು.

ಈಗ ಕ್ಯಾಲಿಫೋರ್ನಿಯಾ. ಮಗ ಅಲ್ಲಿ ಕೆಲಸದಲ್ಲಿದ್ದಾನೆ. ಕೆಲವು ವರ್ಷಗಳ ಹಿಂದೆ ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಅಂತ ಬೇಸಿಗೆಯಲ್ಲಿ ಹೋದೆವು. ಅವರ ಬೇಸಿಗೆ ಜೂನ್, ಜುಲೈ. ಮಾಲ್ ನೋಡಿದ್ದಾಯಿತು, ಸಮುದ್ರ ನೋಡಿದ್ದಾಯಿತು. ಮೂರನೇ ವಾರ ನಾನು ಮನೆಯ ನಲ್ಲಿಗಳನ್ನು ಬಿಚ್ಚಿ ಜೋಡಿಸಲು ಶುರು ಮಾಡಿದೆ. ಸೊಸೆಗೆ ಭಯ ಆಯಿತು ಅಂತ ಕಾಣುತ್ತದೆ. “ಅಪ್ಪಾಜಿ, ಶನಿವಾರ ಭಾನುವಾರ ನಿಮಗೆ ಹಿಡಿಸೋ ಜಾಗಕ್ಕೆ ಕರ್ಕೊಂಡು ಹೋಗ್ತೀನಿ” ಅಂದ ಮಗ.

ಲಾಸ್ ಏಂಜಲೀಸ್ ಬಿಟ್ಟು ಬೆಟ್ಟ ದಾಟಿದರೆ ಮೊಹಾವಿ ಮರುಭೂಮಿ. ಅದರೊಳಗೆ ಒಂದು ಬತ್ತಿದ ಕೆರೆ, ಹೆಸರು ಎಲ್ ಮಿರಾಜ್. ಮಿರಾಜ್ ಅಂದರೆ ಬಿಸಿಲ್ಗುದುರೆ. ಓಟದ ಜಾಗಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ಕಾರಿಳಿದು ನೆಲ ನೋಡಿದೆ. ಅದೇ ಬಿರಿದ ಜೇಡಿ, ಅದೇ ಬಿಳಿಚು ಬಣ್ಣ, ಚಪ್ಪಲಿ ಕೆಳಗೆ ಅದೇ ಹಪ್ಪಳ ಮುರಿದ ಸದ್ದು. ಅರ್ಧ ಭೂಮಿ ಸುತ್ತಿ ಹೋಗಿ ನಮ್ಮೂರ ಕೆರೆ ಅಂಗಳದಲ್ಲೇ ಇಳಿದಿದ್ದೆ. ಏರಿ ಮಾತ್ರ ಇರಲಿಲ್ಲ.

ಬಿಸಿಲು ನಲವತ್ತು ದಾಟಿತ್ತು. ನಮಗೆ ನಲವತ್ತು ಏನು ಮಹಾ ಅಂತ ಟೋಪಿ ಇಲ್ಲದೆ ಇಳಿದೆ. ಅಲ್ಲಿನ ಬಿಸಿಲು ಬೇರೆ ಜಾತಿಯದು. ಬೆವರು ಬಂದಿದ್ದೇ ಗೊತ್ತಾಗಲ್ಲ, ಬಂದ ಹಾಗೇ ಆರಿಹೋಗುತ್ತದೆ. ಅಂಗಿ ಒಣಗಿರುತ್ತದೆ, ಕಾಲರಿನ ಮೇಲೆ ಉಪ್ಪಿನ ಗೆರೆ ಮಾತ್ರ. ಹನ್ನೊಂದು ಗಂಟೆಗೆ ತಲೆ ಸುತ್ತಿ ಕಾರಿನ ನೆರಳಲ್ಲಿ ಕೂತುಬಿಟ್ಟೆ. ಪಕ್ಕದ ಟೆಂಟಿನಿಂದ ಒಬ್ಬರು ಹೆಂಗಸು ಬಂದು, ಏನೂ ಕೇಳದೆ, ತಲೆ ಮೇಲೆ ಒದ್ದೆ ಟವೆಲ್ ಹಾಕಿ ನೀರಿನ ಬಾಟಲಿ ಕೈಗೆ ಕೊಟ್ಟರು. ಅರವತ್ತು ದಾಟಿದವರು. ಟೆಂಟಿನಲ್ಲಿ ಅವರ ಗಂಡ ಒಂದು ಹಳೇ ಟೂ ಸ್ಟ್ರೋಕ್ 250 ಬೈಕಿನ ಪಕ್ಕ ಕೂತು ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಬದಲಿಸುತ್ತಿದ್ದರು. ಲೇತ್ ಕೆಲಸ ಮಾಡಿ ನಿವೃತ್ತಿ ಆದವರು. ನಾನು ಅವರೇ ಬೈಕ್ ಓಡಿಸುವವರು ಅಂದುಕೊಂಡೆ. ಅಲ್ಲ. ಓಡಿಸುವವರು ಟವೆಲ್ ಕೊಟ್ಟ ಅಮ್ಮ. ಗಂಡನದು ಮೆಕ್ಯಾನಿಕ್ ಕೆಲಸ. ಆ ಎರಡು ದಿನ ನಾನು ಆ ಟೆಂಟ್ ಬಿಟ್ಟು ಕದಲಲಿಲ್ಲ.

ಶನಿವಾರ ಒಂದು ಗಾಡಿಯೂ ಓಡಲಿಲ್ಲ. ಅವತ್ತು ಬರೀ ತಪಾಸಣೆ. ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಮುಟ್ಟಿ, ಅಲ್ಲಾಡಿಸಿ ನೋಡುತ್ತಾರೆ. ನೋಡುವವರಿಗೆ ಸಂಬಳ ಇಲ್ಲ, ಅವರೂ ಓಡಿಸುವವರೇ. ಹಲವು ಕ್ಲಬ್ಬುಗಳು ಸೇರಿ 1937ರಲ್ಲಿ ಮಾಡಿಕೊಂಡ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಅನ್ನೋ ಒಕ್ಕೂಟ ಇದನ್ನು ನಡೆಸುತ್ತದೆ. ಕೆಲಸವನ್ನೆಲ್ಲ ಕ್ಲಬ್ಬಿನವರೇ ಹಂಚಿಕೊಂಡು ಮಾಡುತ್ತಾರೆ. ನಮ್ಮ ಕಡೆ ಎಫ್‌ಸಿ ಮಾಡಿಸೋದು ಗೊತ್ತಲ್ವಾ? ಕೆಲವು ಸಲ ಗಾಡಿ ಮನೆ ಬಿಡುವ ಮೊದಲೇ ಎಫ್‌ಸಿ ಆಗಿರುತ್ತದೆ. ಎಲ್ಲಿ ಅಂತ ಕೇಳಬೇಡಿ.

ಅಲ್ಲಿ ಏನೇನು ನೋಡಿದರು ಅಂತ ಹೇಳುತ್ತೇನೆ, ಇದು ನಮಗೆ ಬೇಕಾದ ವಿಷಯ. ಆಯಿಲ್ ಬೋಲ್ಟ್ ಬಿಚ್ಚಿಕೊಳ್ಳದ ಹಾಗೆ ತಂತಿ ಕಟ್ಟಿದೆಯಾ? ಓಡಿಸುವವರು ಬಿದ್ದರೆ ಇಂಜಿನ್ ಆಫ್ ಆಗುವ ಹಾಗೆ ಸ್ವಿಚ್ಚಿನಿಂದ ಮಣಿಕಟ್ಟಿಗೆ ದಾರ ಇದೆಯಾ? ಕಾರುಗಳಾದರೆ ಇನ್ನೂ ಜೋರು. ಹೊಸಬರನ್ನು ಬೆಂಕಿ ತಡೆಯುವ ಬಟ್ಟೆ, ಹೆಲ್ಮೆಟ್, ಬೆಲ್ಟ್ ಎಲ್ಲಾ ಹಾಕಿಸಿ ಒಳಗೆ ಕೂರಿಸಿ, ಈಗ ಹೊರಗೆ ಬಾ ಅನ್ನುತ್ತಾರೆ. ತಡ ಮಾಡಿದರೆ ಮತ್ತೆ ಒಳಗೆ, ಮತ್ತೆ ಹೊರಗೆ. ಆ ಬಿಸಿಲಿನಲ್ಲಿ!

ಆಮೇಲೆ ಟೈರಿನ ವಾಲ್ವ್ ಮುಚ್ಚಳ. ಲೋಹದ್ದೇ ಇರಬೇಕು, ಪ್ಲಾಸ್ಟಿಕ್ ಆಗಲ್ಲ. ಇದು ಅತಿಯಾಯಿತು ಅಂದುಕೊಂಡೆ. ರಾತ್ರಿ ಕೂತು ಲೆಕ್ಕ ಹಾಕಿದೆ, ನೀವೂ ಹಾಕಿ. ಗಾಲಿಯ ತ್ರಿಜ್ಯ 30 ಸೆಂಟಿಮೀಟರ್, ವಾಲ್ವ್ ಪಿನ್ನು ನಡುವಿನಿಂದ 20 ಸೆಂಟಿಮೀಟರ್ ದೂರ, ವೇಗ ಗಂಟೆಗೆ 300 ಕಿಲೋಮೀಟರ್. ಪಿನ್ನಿನ ಮೇಲೆ ಹೊರಕ್ಕೆ ಬೀಳುವ ಎಳೆತ ಅದರ ತೂಕದ ಸುಮಾರು 1,500 ಪಟ್ಟು ಬರುತ್ತದೆ. ಒಂದು ಗ್ರಾಂ ಪಿನ್ನು ಒಂದೂವರೆ ಕೆಜಿ ತೂಗುತ್ತದೆ. ಹೊರಕ್ಕೆ ಅಂದರೆ ಯಾವ ಕಡೆಗೆ? ಗಾಳಿ ಬಿಡುವಾಗ ನಾವು ಪಿನ್ನನ್ನು ಒತ್ತುತ್ತೀವಲ್ಲ, ಅದೇ ಕಡೆಗೆ. ಅಷ್ಟು ವೇಗದಲ್ಲಿ ವಾಲ್ವ್ ತಾನಾಗೇ ತೆರೆದುಕೊಳ್ಳಬಹುದು. ಆಗ ಗಾಳಿ ತಡೆಯೋದು ಆ ಮುಚ್ಚಳ ಒಂದೇ. ನಮ್ಮ ಅಂಗಡಿಯಲ್ಲಿ ಆ ಮುಚ್ಚಳ ಬಿದ್ದುಹೋದರೆ ಯಾರೂ ಹುಡುಕಲ್ಲ. ಈಗ ನಾನು ಹುಡುಕುತ್ತೇನೆ.

ಇನ್ನೊಂದು ನೋಡಿ ನಗು ಬಂತು. ಬೇರೆ ಎಲ್ಲಾ ರೇಸಿನಲ್ಲಿ ಗಾಡಿ ಹಗುರ ಮಾಡುತ್ತಾರೆ. ಇಲ್ಲಿ ಕಾರಿಗೆ ಸೀಸದ ಗಟ್ಟಿ ತುಂಬುತ್ತಾರೆ. ನೆಲ ಸಡಿಲ ಮಣ್ಣು, ಗಾಲಿಗೆ ಹಿಡಿತ ಸಿಗಲ್ಲ, ಅದಕ್ಕೆ ಭಾರ ಬೇಕು. ನಮ್ಮವರು ಟ್ರ್ಯಾಕ್ಟರ್ ಟೈರಿಗೆ ನೀರು ತುಂಬುತ್ತಾರಲ್ಲ, ಅದೇ ಬುದ್ಧಿ.

ಸಂಜೆ ಬಿಸಿಲು ಇಳಿದ ಮೇಲೆ ಕಥೆಗಳು. ಇಂಗ್ಲಿಷ್ ನನಗೆ ಅರ್ಧ ಬರುತ್ತದೆ, ಉಳಿದರ್ಧ ಮಗ ಹೇಳಿದ. ನಮ್ಮ ಮನೆಯವರು ಕಟ್ಟಿಕೊಟ್ಟಿದ್ದ ಖಾರ ಮಂಡಕ್ಕಿ ಮಧ್ಯೆ ಇತ್ತು.

ಈ ಆಟ ಅಲ್ಲಿ ಶುರುವಾಗಿದ್ದು ಇನ್ನೊಂದು ಬತ್ತಿದ ಕೆರೆಯಲ್ಲಿ, ಮುರಾಕ್ ಅಂತ. ಲಾಸ್ ಏಂಜಲೀಸಿನ ಹುಡುಗರು ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡ್, ಗಾಜು ಎಲ್ಲಾ ಕಿತ್ತು ಅಲ್ಲಿಗೆ ಒಯ್ಯುತ್ತಿದ್ದರು. ಮೊದಮೊದಲು ನಾಲ್ಕಾರು ಕಾರು ಒಟ್ಟಿಗೆ ಬಿಡುತ್ತಿದ್ದರಂತೆ. ಮುಂದಿನವನ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದೆ ಅನಾಹುತ ಆಗುತ್ತಿತ್ತು. ಹಾಗಾಗಿ ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರದಲ್ಲಿ ಅಳೆಯೋದು ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಮುರಾಕ್ ಮಿಲಿಟರಿ ಕೈಗೆ ಹೋಯಿತು. ಈಗ ಅದು ಎಡ್ವರ್ಡ್ಸ್ ವಾಯುನೆಲೆ. 1981ರ ಏಪ್ರಿಲ್ 14ರಂದು ಕೊಲಂಬಿಯಾ ನೌಕೆ ಬಾಹ್ಯಾಕಾಶದಿಂದ ವಾಪಸ್ ಬಂದು ಇಳಿದದ್ದು ಆ ಹುಡುಗರು ಓಡಿದ ಕೆರೆ ಅಂಗಳದ ಮೇಲೆಯೇ.

ಇದನ್ನು ಕೇಳಿದಾಗ ನಮ್ಮ ಚಳ್ಳಕೆರೆ ನೆನಪಾಗದೆ ಇರುತ್ತಾ? ಅಮೃತಮಹಲ್ ದನ ಮೇಯುತ್ತಿದ್ದ ಕಾವಲು ಈಗ ಡಿಆರ್‌ಡಿಒ ವಿಮಾನ ಪರೀಕ್ಷೆಯ ಜಾಗ. 2024ರ ಜೂನ್ 23ರಂದು ಇಸ್ರೊದವರು ‘ಪುಷ್ಪಕ್’ ಅನ್ನೋ, ಮತ್ತೆ ಮತ್ತೆ ಬಳಸಬಹುದಾದ ರೆಕ್ಕೆಯ ನೌಕೆಯ ಮಾದರಿಯನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ಬಂದು ಗಂಟೆಗೆ 320 ಕಿಲೋಮೀಟರ್‌ಗೂ ಜಾಸ್ತಿ ವೇಗದಲ್ಲಿ ನೆಲ ಮುಟ್ಟಿತು. ಗಾಲಿ ಬ್ರೇಕ್ ಹಿಡಿಯುವ ಮೊದಲು ಹಿಂದೆ ಪ್ಯಾರಾಚೂಟ್ ಬಿಚ್ಚಿ ನೂರರ ಹತ್ತಿರಕ್ಕೆ ಇಳಿಸಿದರು. ಜೋರಾಗಿ ಓಡುವ ಕಾರುಗಳೂ ಅಲ್ಲಿ ಹೀಗೇ ನಿಲ್ಲೋದು, ಮೊದಲು ಪ್ಯಾರಾಚೂಟ್, ಆಮೇಲೆ ಬ್ರೇಕ್. ನಾನು ಆರ್‌ಎಕ್ಸ್ 100ರಲ್ಲಿ ಬಿದ್ದ ಜಾಗ ಅಲ್ಲಿಂದ ಜಾಸ್ತಿ ದೂರ ಇಲ್ಲ. ನನ್ನನ್ನು ಯಾವ ಪೇಪರಿನವರೂ ಬರೆಯಲಿಲ್ಲ.

ಯುದ್ಧ ಮುಗಿದ ಮೇಲಿನ ಕಥೆ ನನಗೆ ತುಂಬಾ ಹಿಡಿಸಿತು. ಯುದ್ಧ ವಿಮಾನಗಳ ಕೆಳಗೆ ಹೆಚ್ಚುವರಿ ಪೆಟ್ರೋಲಿಗೆ ಅಂತ ಟ್ಯಾಂಕ್ ತೂಗುಹಾಕುತ್ತಿದ್ದರು, ಉದ್ದ ಸೋರೆಕಾಯಿ ಆಕಾರ, ಖಾಲಿಯಾದರೆ ಬೀಳಿಸೋದು. ಯುದ್ಧ ಆದಮೇಲೆ ಅವು ಗುಜರಿಗೆ ಬಂದವು. ಬಿಲ್ ಬರ್ಕ್ ಅನ್ನುವವರು 1946ರಲ್ಲಿ ಅಂಥ ಒಂದು ಟ್ಯಾಂಕ್ ತಂದು, ಒಳಗೆ ಇಂಜಿನ್ ಕೂರಿಸಿ, ನಾಲ್ಕು ಗಾಲಿ ಹಾಕಿ ಕೆರೆಗೆ ಬಿಟ್ಟರು. ಗಾಳಿ ಸೀಳಲಿ ಅಂತ ವಿಮಾನದ ಇಂಜಿನಿಯರುಗಳು ಮಾಡಿದ ಆಕಾರ ಗುಜರಿ ಬೆಲೆಗೆ ಸಿಕ್ಕಿತ್ತು. ಆ ಥರದ ಗಾಡಿ ಇವತ್ತಿಗೂ ಓಡುತ್ತವೆ, ನಾನೇ ಎರಡು ನೋಡಿದೆ.

ಗಾಳಿ ಸೀಳೋದು ಯಾಕೆ ಅಷ್ಟು ಮುಖ್ಯ? ಆರ್‌ಎಕ್ಸ್ 100ನ್ನೇ ತಗೊಳ್ಳಿ. 11 ಎಚ್‌ಪಿ, ಹೆಚ್ಚುಕಮ್ಮಿ ನೂರು ಕಿಲೋಮೀಟರ್ ಹೋಗುತ್ತದೆ. ಇನ್ನೂರು ಹೋಗಬೇಕು ಅಂದರೆ 22 ಎಚ್‌ಪಿ ಸಾಕು ಅಂತ ನನ್ನ ಹತ್ತಿರ ಬರುವ ಹುಡುಗರ ಲೆಕ್ಕ. ವೇಗ ಎರಡು ಪಟ್ಟು ಆದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಗೆಲ್ಲಲು ಬೇಕಾದ ಎಚ್‌ಪಿ ಎಂಟು ಪಟ್ಟು. ಅದೇ ಆಕಾರದಲ್ಲಿ 88 ಎಚ್‌ಪಿ ಬೇಕು. ನಾನೂರಕ್ಕೆ 700. ಸೈಲೆನ್ಸರ್ ಬಿಚ್ಚಿ ಓಣಿಯವರ ನಿದ್ದೆ ಕೆಡಿಸಿದರೆ ಬರುವ ಎಚ್‌ಪಿ ಈ ಲೆಕ್ಕದಲ್ಲಿ ಎಲ್ಲೂ ಕಾಣಲ್ಲ.

ಎಲ್ ಮಿರಾಜ್‌ಗಿಂತ ದೊಡ್ಡ ತೇರು ಬಾನ್ವಿಲ್‌ನಲ್ಲಿ. ಯೂಟಾ ರಾಜ್ಯದ ಉಪ್ಪಿನ ಬಯಲು, ಅದೂ ಪುರಾತನ ಕೆರೆಯೊಂದು ಬತ್ತಿ ಉಳಿದದ್ದು. 1949ರಿಂದ ಇದೇ ಒಕ್ಕೂಟದವರು ಅಲ್ಲಿ ಆಗಸ್ಟಿನಲ್ಲಿ ‘ಸ್ಪೀಡ್ ವೀಕ್’ ಮಾಡುತ್ತಾರೆ. ಉಪ್ಪು ಬೆಳ್ಳಗೆ ಕನ್ನಡಿಯ ಹಾಗಿರೋದರಿಂದ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಗದ್ದದ ಕೆಳಗೆ, ಮೂಗಿನ ಹೊಳ್ಳೆಗೂ ಕ್ರೀಮ್ ಹಚ್ಚಿಕೊಳ್ಳಬೇಕಂತೆ. ಮಳೆ ಬಂದರೆ ಉಪ್ಪು ಕೆಸರಾಗುತ್ತದೆ. 2014, 2015 ಎರಡೂ ವರ್ಷ ರದ್ದಾಯಿತು. 2022ರಲ್ಲಿ ನೀರು ನಿಂತು ಮತ್ತೆ ರದ್ದು. ಅದೇ 2022ರ ಸೆಪ್ಟೆಂಬರಿನಲ್ಲಿ ನಮ್ಮ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಇಲ್ಲಿ ಜನ ಬಾಗಿನ ಕೊಡುತ್ತಿದ್ದಾಗ ಅಲ್ಲಿ ಜನ ಕೆರೆಗೆ ನೀರು ಬಂತಲ್ಲಪ್ಪಾ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದರು.

ಬಾನ್ವಿಲ್‌ನಲ್ಲಿ ದಾಖಲೆಗೆ ಒಂದು ಓಟ ಸಾಲದು. ಎರಡು ಓಡಿ ಸರಾಸರಿ ತೆಗೆಯಬೇಕು. ಕಾರಿಗೆ ಜಗತ್ತಿನ ದಾಖಲೆ ಬೇಕಾದರೆ ಒಂದು ಗಂಟೆಯೊಳಗೆ ಹೋದ ದಾರಿಯಲ್ಲೇ ವಾಪಸ್ ಓಡಬೇಕು. ಹೋಗುವಾಗ ಹಿಂದಿನಿಂದ ತಳ್ಳಿದ ಗಾಳಿ ಬರುವಾಗ ಎದುರಿಗೆ ಸಿಗುತ್ತದೆ, ಲೆಕ್ಕ ಸಮ. ಮಿಕ್ಕಿ ಥಾಂಪ್ಸನ್ ಅನ್ನುವವರು 1960ರಲ್ಲಿ ಗಂಟೆಗೆ 406 ಮೈಲಿ ಹೋದರು. ವಾಪಸ್ ಓಟ ಮುಗಿಸುವ ಮೊದಲೇ ಗಾಡಿ ಕೈಕೊಟ್ಟಿತು. ದಾಖಲೆ ಇಲ್ಲ. 1968ರಲ್ಲಿ ಇನ್ನೊಂದು ಗಾಡಿ ಕಟ್ಟಿದರು, ಅದರಲ್ಲೂ ಆಸೆ ಕೈಗೂಡಲಿಲ್ಲ. ಅವರು ತೀರಿಕೊಂಡು ಮೂವತ್ತು ವರ್ಷ ಆದಮೇಲೆ, 2018ರಲ್ಲಿ, ಮಗ ಡ್ಯಾನಿ ಥಾಂಪ್ಸನ್ ಅದೇ ಗಾಡಿಯನ್ನು ರಿಪೇರಿ ಮಾಡಿ ಎರಡು ಓಟದ ಸರಾಸರಿ 448.757 ಮೈಲಿ ತಂದರು. ನಮ್ಮ ಮನೆಯಲ್ಲಿ ಅಪ್ಪನ ಗಾಡಿ ಅಂದರೆ ಅಟ್ಟದ ಮೇಲಿನ ಸೈಕಲ್. ಮಗನಿಗೆ ಹೇಳಿದೆ, ನಕ್ಕ.

ಆಮೇಲೆ ಬರ್ಟ್ ಮನ್ರೋ. ನಿಮ್ಮಲ್ಲಿ ಕೆಲವರಿಗೆ ಹೆಸರು ಗೊತ್ತಿರಬಹುದು. ನ್ಯೂಜಿಲೆಂಡಿನ ಇನ್ವರ್‌ಕಾರ್ಗಿಲ್ ಊರಿನವರು. 1920ರ ಬೈಕ್, ಕಂಪನಿ ಹೆಸರು ‘ಇಂಡಿಯನ್’, ನಮಗೂ ಅದಕ್ಕೂ ಸಂಬಂಧ ಇಲ್ಲ, ಅಮೆರಿಕದ್ದು. 600 ಸಿಸಿ, ಹೊಸದರಲ್ಲಿ ಗಂಟೆಗೆ 55 ಮೈಲಿ ಹೋಗುತ್ತಿತ್ತು. ಈ ಮನುಷ್ಯ ನಲವತ್ತಕ್ಕೂ ಹೆಚ್ಚು ವರ್ಷ ಅದೊಂದೇ ಬೈಕನ್ನು ತಿದ್ದಿದರು. ಹಳೇ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು ಪಿಸ್ಟನ್ ಎರಕ ಹೊಯ್ಯುತ್ತಿದ್ದರು. ಕನೆಕ್ಟಿಂಗ್ ರಾಡನ್ನು ಕೈಯಲ್ಲೇ ಅರ ಹಾಕಿ ಉಜ್ಜಿ ಮಾಡುತ್ತಿದ್ದರು. 1967ರಲ್ಲಿ, 68ನೇ ವಯಸ್ಸಿನಲ್ಲಿ, ಬಾನ್ವಿಲ್‌ನಲ್ಲಿ ಸಾವಿರ ಸಿಸಿ ಒಳಗಿನ ದಾಖಲೆ ಮಾಡಿದರು. ಸರಾಸರಿ ತೆಗೆಯುವಾಗ ಲೆಕ್ಕ ತಪ್ಪಿದ್ದು ಗೊತ್ತಾಗಿ 2014ರಲ್ಲಿ ಅದನ್ನು 184.087 ಮೈಲಿ ಅಂತ ತಿದ್ದಿದರು, ಅಂದರೆ ಗಂಟೆಗೆ 296 ಕಿಲೋಮೀಟರ್. ಅವರು ತೀರಿಕೊಂಡಿದ್ದು 1978ರಲ್ಲೇ. ಅವರ ಶೆಡ್ಡಿನಲ್ಲಿ ಒಂದು ಶೆಲ್ಫ್ ಇತ್ತು. ಒಡೆದ ಪಿಸ್ಟನ್, ಮುರಿದ ರಾಡ್ ಎಲ್ಲಾ ಸಾಲಾಗಿ ಜೋಡಿಸಿ ‘ವೇಗದ ದೇವರಿಗೆ ಅರ್ಪಣೆ’ ಅಂತ ಬರೆದಿದ್ದರು. ಇದನ್ನು ಕೇಳಿದಾಗ ನನಗೆ ಉಸ್ತಾದರ ಗೋಡೆ ಕಣ್ಣಿಗೆ ಬಂತು. ನಾವು ಆಯುಧ ಪೂಜೆ ದಿನ ಸ್ಪ್ಯಾನರಿಗೆ ಕುಂಕುಮ ಇಡುತ್ತೀವಿ. ಒಡೆದು ಹೋದದ್ದಕ್ಕೆ ಇಡೋದಿಲ್ಲ.

ಭಾನುವಾರ ಬೆಳಗಿನ ಜಾವವೇ ಎದ್ದರು. ಮೊದಲ ಕೆಲಸ ಓಟ ಅಲ್ಲ, ನಡಿಗೆ. ಎಲ್ಲರೂ ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರ ಹಾಗೆ ಸಾಲು ಹಿಡಿದು ಟ್ರ್ಯಾಕ್ ಉದ್ದಕ್ಕೂ ನಡೆದರು. ಕಲ್ಲು, ಬೋಲ್ಟ್, ಏನಿದ್ದರೂ ಹೆಕ್ಕಬೇಕು. ನಾನೂ ನಡೆದೆ. ಒಂದು ನಟ್ ಸಿಕ್ಕಿತು, ಇಂಚಿನ ಅಳತೆಯದು. ಎತ್ತಿ ತೋರಿಸಿದಾಗ ಪಕ್ಕದವರು ಬೆನ್ನು ತಟ್ಟಿದರು. ಅಮೆರಿಕದಲ್ಲಿ ನನಗೆ ಸಿಕ್ಕ ಸನ್ಮಾನ ಅಷ್ಟೇ.

ಟ್ರ್ಯಾಕ್ 1.3 ಮೈಲಿ, ಎರಡು ಕಿಲೋಮೀಟರ್ ಚಿಲ್ಲರೆ. ಕೊನೆಯ 132 ಅಡಿಯಲ್ಲಿ ಮಾತ್ರ ಅಳತೆ. ಅದರ ಆ ಕಡೆ ಈ ಕಡೆ ಬೆಳಕಿನ ಕಣ್ಣು. ಗಂಟೆಗೆ ನೂರು ಮೈಲಿ ಹೋಗುವವರು ಅದನ್ನು ದಾಟಲು 0.9 ಸೆಕೆಂಡ್ ಸಾಕು. ಇನ್ನೂರು ಹೋಗುವವರಿಗೆ ಅದರರ್ಧ. ಅಷ್ಟಕ್ಕಾಗಿ ವರ್ಷಗಟ್ಟಲೆ ಕೆಲಸ. ಬಹುಮಾನ? ದುಡ್ಡಿಲ್ಲ. ವೇಗ ಬರೆದ ಚೀಟಿ ಕೊಡುತ್ತಾರೆ.

ಸಾಲು ಉದ್ದ. ಅಮ್ಮ ಚರ್ಮದ ಸೂಟು ಹಾಕಿಕೊಂಡು ಬೈಕ್ ಮೇಲೆ ಕೂತು ಕಾಯುತ್ತಿದ್ದರು. ಗಂಡ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ಹಿಂದೆ ಮುಂದೆ ಎಲ್ಲಾ ಅದೇ ನೋಟ, ಒಂದೊಂದು ಗಾಡಿಗೂ ಒಬ್ಬರು ಕೊಡೆ ಹಿಡಿದವರು. ಇಷ್ಟು ಮದುವೆ ಗಂಡುಗಳು ಒಂದೇ ಸಾಲಿನಲ್ಲಿ ನಿಂತಿದ್ದು ನಾನು ಸಾಮೂಹಿಕ ವಿವಾಹದಲ್ಲಿ ಮಾತ್ರ ನೋಡಿದ್ದೆ. ಗಂಡನಿಗೆ ಕೈ ನೋಯಿತು, ನಾನು ಹಿಡಿದೆ.

ಬಾವುಟ ಬಿತ್ತು. ಟೂ ಸ್ಟ್ರೋಕಿನ ಸದ್ದು ಏರುತ್ತಾ ಏರುತ್ತಾ ದೂರ ಹೋಯಿತು. ಬೈಕ್ ಕಾಣಲ್ಲ, ಬರೀ ಧೂಳಿನ ಬಾಲ ಕಾಣುತ್ತದೆ. ಅದೂ ಬಿಸಿಲ ಝಳದಲ್ಲಿ ನೆಲದಿಂದ ಮೇಲೆದ್ದು ತೇಲಿದ ಹಾಗೆ. ಒಂದು ನಿಮಿಷ ಚಿಲ್ಲರೆಯಲ್ಲಿ ಮುಗಿಯಿತು. ಚೀಟಿ ತಂದರು, 101 ಮೈಲಿ, ಚುಕ್ಕಿ ಆದಮೇಲೆ ಇನ್ನೂ ಮೂರು ಅಂಕಿ. ಆ ಮೂರು ಅಂಕಿ ನೋಡಿದಾಗ ನಾಯಕನಹಟ್ಟಿ ತಿಪ್ಪೇಸ್ವಾಮಿಯ ಮಾತು ಬಾಯಿಗೆ ಬಂತು, ಮಾಡಿದಷ್ಟು ನೀಡು ಭಿಕ್ಷೆ. ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸೋತ.

ಮಧ್ಯಾಹ್ನದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ಗಾಳಿ ತೆಳುವಾಯಿತು. ಬೆಳಗ್ಗೆ ಇಪ್ಪತ್ತು ಡಿಗ್ರಿ ಇದ್ದದ್ದು ನಲವತ್ತಾದರೆ ಅದೇ ಜಾಗದಲ್ಲಿ ಗಾಳಿ ನೂರಕ್ಕೆ ಆರು ಪಾಲು ಕಮ್ಮಿಯಾಗುತ್ತದೆ. ಇಂಜಿನ್ನಿಗೆ ಉಸಿರು ಕಮ್ಮಿ, ಎಚ್‌ಪಿ ಕಮ್ಮಿ. ಇದು ನಮಗೆ ಗೊತ್ತಿದ್ದದ್ದೇ. ನನಗೆ ಹೊಳೆಯದೇ ಇದ್ದ ಇನ್ನೊಂದು ಮಗ್ಗುಲನ್ನು ಆ ಅಮ್ಮನ ಯಜಮಾನರು ಹೇಳಿದರು. ಗಾಳಿ ತೆಳುವಾದರೆ ಎದುರಿನ ತಡೆಯೂ ಅಷ್ಟೇ ಕಮ್ಮಿ ಆಗಬೇಕಲ್ವಾ? ಹೌದು. ಹಾಗಾಗಿ ಉದ್ದ ಟ್ರ್ಯಾಕ್ ಇದ್ದರೆ ಕೊನೆಯ ವೇಗಕ್ಕೆ ಜಾಸ್ತಿ ನಷ್ಟ ಇಲ್ಲ. ಟರ್ಬೋ ಇದ್ದವರು ಗಾಳಿಯನ್ನು ಒತ್ತಿ ತುಂಬಿಕೊಳ್ಳುತ್ತಾರೆ, ಅವರಿಗೆ ಲಾಭವೂ ಆಗಬಹುದು. ಎರಡು ಕಿಲೋಮೀಟರ್ ಟ್ರ್ಯಾಕಿನಲ್ಲಿ ಮಾತ್ರ ಪೆಟ್ಟು ಬೀಳುತ್ತದೆ. ಅಲ್ಲಿ ವೇಗ ಏರಿಸಲು ಜಾಗವೇ ಕಮ್ಮಿ, ಸೊರಗಿದ ಇಂಜಿನ್ ಏರುವಷ್ಟರಲ್ಲಿ ಟ್ರ್ಯಾಕ್ ಮುಗಿದಿರುತ್ತದೆ. ಮೂವತ್ತೈದು ವರ್ಷ ಇಂಜಿನ್ ಬಿಚ್ಚಿದವನು ನಾನು, ಇಂಜಿನ್ನಿನ ಒಳಗಿನ ಗಾಳಿಯನ್ನಷ್ಟೇ ಯೋಚಿಸಿದ್ದೆ. ಹೊರಗಿನದು ನೆನಪೇ ಇರಲಿಲ್ಲ.

ಅವರು ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಮುಂದೆ ಹಿಡಿದರು. ಇದಕ್ಕೆ ಮಗ ಬೇಕಾಗಲಿಲ್ಲ. ಕಾಫಿ ಪುಡಿ ಬಣ್ಣ ಇರಬೇಕಾದದ್ದು ಕಪ್ಪಾಗಿತ್ತು. ಗಾಳಿ ಕಮ್ಮಿ, ಪೆಟ್ರೋಲ್ ಅಷ್ಟೇ, ಅಂದರೆ ಪೆಟ್ರೋಲ್ ಜಾಸ್ತಿ ಆಗಿದೆ. ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತು, ಚಿಕ್ಕದು ಮಾಡಬೇಕು. ಅವರು ಎರಡು ಸೈಜ್ ಇಳಿಸೋಣ ಅಂತ ಎರಡು ಬೆರಳು ತೋರಿಸಿದರು. ನಾನು ತೋಳು ಮಡಚಿ ಮೊಣಕೈ ತೋರಿಸಿದೆ. ಟೂ ಸ್ಟ್ರೋಕಿಗೆ ಪೆಟ್ರೋಲ್ ಜೊತೆಗೇ ಆಯಿಲ್ ಬರೋದು. ಬಿಸಿಲಿನಲ್ಲಿ ಜಾಸ್ತಿ ಒಣಗಿಸಿದರೆ ಏನಾಗುತ್ತದೆ ಅಂತ ಗುರುತು ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಬಾಯಿ ತುಂಬಾ ನಕ್ಕು, ಒಂದು ಬೆರಳು ಮಡಚಿದರು.

ಎರಡನೇ ಓಟ. 100.9. ಮೊದಲಿಗಿಂತ ಅರ್ಧ ಮೈಲಿಗೂ ಸ್ವಲ್ಪ ಹೆಚ್ಚೇ ಕಮ್ಮಿ ಬಂತು. ಅಮ್ಮ ಎದುರುಗಾಳಿ ಅಂದರು. ಯಜಮಾನರು ಜೆಟ್ ಅಂದರು, ನನ್ನ ಕಡೆ ನೋಡುತ್ತಾ. ನಾನು ಹಿಂದಿನ ಸ್ಪ್ರಾಕೆಟ್ ಅಂದೆ. ಮೂರನೇ ಓಟಕ್ಕೆ ಸಾಲಿನಲ್ಲಿ ನಿಂತಾಗ ಗಾಳಿ ಜೋರಾಯಿತು. ನಮ್ಮ ಜೋಗಿಮಟ್ಟಿ ಮೇಲಿನ ಗಾಳಿಯಂತ್ರಕ್ಕೆ ಹಬ್ಬ ಅನ್ನುವಂಥ ಗಾಳಿ, ಅಡ್ಡಕ್ಕೆ. ಓಟ ನಿಲ್ಲಿಸಿದರು. ಯಾರೂ ಜಗಳಕ್ಕೆ ಹೋಗಲಿಲ್ಲ. ಟೆಂಟ್ ಬಿಚ್ಚಿದರು. ಜೆಟ್ಟಾ, ಗಾಳಿಯಾ, ಸ್ಪ್ರಾಕೆಟ್ಟಾ ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ.

ಕೊನೆಗೆ ಒಂದಿಬ್ಬರು ಪ್ರಶ್ನೆ ಕೇಳಿದರು, ಅದನ್ನೂ ಸೇರಿಸಿಬಿಡುತ್ತೇನೆ. ಪಾಲಿಟೆಕ್ನಿಕ್ ಹುಡುಗಿಯೊಬ್ಬಳು, ನಮ್ಮ ದೇಶದ ಬೈಕು ಅಲ್ಲಿ ಓಡಿದೆಯಾ ಸಾರ್ ಅಂದಳು. ಓಡಿದೆ. 2018ರಲ್ಲಿ ಬಾನ್ವಿಲ್ ಉಪ್ಪಿನ ಮೇಲೆ ಕೇಲಾ ರಿವಾಸ್ ಅನ್ನೋ 18 ವರ್ಷದ ಹುಡುಗಿ ತಿದ್ದಿದ ರಾಯಲ್ ಎನ್‌ಫೀಲ್ಡ್ 650 ಓಡಿಸಿ ಗಂಟೆಗೆ 157 ಮೈಲಿ ಮುಟ್ಟಿದಳು. ಕರೆಂಟ್ ಗಾಡಿಗೂ ಅಲ್ಲಿ ಜಾಗ ಇದೆಯಾ ಅಂತ ಇನ್ನೊಬ್ಬ. ತಮ್ಮಾ, ಭೂಮಿ ಮೇಲೆ ಮೊದಲ ಸಲ ಗಂಟೆಗೆ ನೂರು ಕಿಲೋಮೀಟರ್ ದಾಟಿದ ಕಾರೇ ಕರೆಂಟಿನದು. 1899ರಲ್ಲಿ, ಕಮೀಲ್ ಜನಾಟ್ಸಿ ಅನ್ನುವವರು ಓಡಿಸಿದ್ದು, 105.88 ಕಿಲೋಮೀಟರ್. ಗಾಡಿಯನ್ನು ಗಾಳಿ ಸೀಳುವ ಹಾಗೆ ಚೂಪಾಗಿ ಮಾಡಿ, ತಾನು ಮಾತ್ರ ಅದರ ಮೇಲೆ ಎದೆಯುಬ್ಬಿಸಿ ಕೂತಿದ್ದರು. ಹಾಗಾದರೆ ಆರ್‌ಎಕ್ಸ್ 100 ಒಯ್ದರೆ ಸಾರ್ ಅಂತ ಹಿಂದಿನಿಂದ ಕೂಗು ಬಂತು. ಒಯ್ಯಬಹುದು. 50 ಸಿಸಿಗೆ ಒಂದು ವರ್ಗ, 100 ಸಿಸಿಗೆ ಒಂದು ವರ್ಗ, ಹೀಗೆ ಸಿಸಿ, ಬಾಡಿ, ಪೆಟ್ರೋಲ್ ನೋಡಿ ನೂರಾರು ವರ್ಗ ಇವೆ. ಹೆದ್ದಾರಿ ಸರ್ವಿಸ್ ರಸ್ತೆಯಲ್ಲಿ ಮಾತ್ರ ಯಾವ ವರ್ಗವೂ ಇಲ್ಲ.

ಹೊರಡುವಾಗ ಯಜಮಾನರು ನನಗೆ ಒಂದು ಚೀಟಿ ಕೊಟ್ಟರು. 101ರದ್ದಲ್ಲ, ಅದನ್ನು ಅವರೇ ಇಟ್ಟುಕೊಂಡರು. 100.9ರದ್ದು. ಅದನ್ನು ಅಂಗಡಿಯ ಟೇಬಲ್ ಗಾಜಿನ ಕೆಳಗೆ ಇಟ್ಟಿದ್ದೇನೆ. ಮೊನ್ನೆ ಮಾಯಕೊಂಡದ ಕಡೆಯಿಂದ ಟ್ರ್ಯಾಕ್ಟರ್ ಹೆಡ್ ತಂದ ರೈತರೊಬ್ಬರು ಅದನ್ನೇ ಬಗ್ಗಿ ನೋಡಿ, “ಅಣ್ಣಾ, ಇದು ಮೆಕ್ಕೆಜೋಳದ ವೇಬ್ರಿಡ್ಜ್ ಚೀಟಿನಾ? ತೂಕ ಭಾಳ ಕಮ್ಮಿ ಐತಲ್ಲ” ಅಂದರು. ಹೌದು, ಸ್ವಲ್ಪ ಕಮ್ಮಿ ಬಂತು ಅಂತ ಹೇಳಿ ಹೆಡ್ ಇಳಿಸಿಕೊಂಡೆ.